ಸಿದ್ದಪ್ಪ ಕಾಕಾನ ಮಂತ್ರದ ಗುರಾಣಿ

ಕುರಿ ಕಾಯುತ್ತಿದ್ದ ಸಿದ್ದಪ್ಪ ಕಾಕಾನ ಬಲಭಾಗಕ್ಕೆ ಲಕ್ವಾ ಹೊಡೆದು ಕೈ ಸೋತುಹೋಗಿತ್ತು. ವ್ಯಾಯಾಮ ಮಾಡಿಸಲು ನಾನು ಗೋಕಾಕದಿಂದ ಮೂಡಲಗಿಯ ಅವರ ಮನೆಗೆ ಹೋಗುತ್ತಿದ್ದೆ. ಹಿಂಡಲು ಕೊಟ್ಟ ರಬ್ಬರ್ ಚೆಂಡನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಒಂದು ದಿನ ನನ್ನ ಚೀಲದಿಂದ ಇಪ್ಪತ್ತು ಮುಖದ ದಾಳವೊಂದು ಉರುಳಿತು.

"ಇದೇನ್ರಿ ಅಕ್ಕಾರ?"

ಭಾನುವಾರ ಗೆಳತಿಯರ ಜೊತೆ ಆಡುವ ಕಥೆಯಾಟದ್ದು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಬಿದ್ದಂತೆ ಕಥೆ ನಡೆಸುತ್ತೇವೆ ಎಂದೆ. ಹೊಸ ಆಟಕ್ಕೆ ನನ್ನ ಪಾತ್ರವಾಗಿ ಇಬ್ಬರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕಿತ್ತು: ಅಷ್ಟಿಷ್ಟು ಮಂತ್ರ ಕಲಿತ ಕತ್ತಿವೀರ, ಇಲ್ಲವೇ ಕತ್ತಿ ಹಿಡಿದ ಮಂತ್ರವಾದಿ.

"ಕುರಿ ಹಿಂಡಿಗೆ ತ್ವಾಳ ಬಂದ್ರ ಯಾರು ತಡೀತಾರ?"

"ಕತ್ತಿವೀರ ಗಟ್ಟಿ ರೀ, ಹತ್ತು ಏಟು ತಿಂದ್ರೂ ನಿಲ್ತಾನ. ಮಂತ್ರವಾದಿ ಎರಡ ಏಟಿಗೆ ಬೀಳ್ತಾನ. ಆದ್ರ ಅವನ ಮಂತ್ರದ ಗುರಾಣಿ ಬಾಜೂದವರನ್ನೂ ಕಾಯತೈತಿ."

ಕಾಕಾ ಒಲೆಯತ್ತ ನೋಡಿದರು. ಮೂರು ತಿಂಗಳಿಂದ ಅವರನ್ನು ಎತ್ತಿ ಕೂರಿಸುತ್ತಿದ್ದ ಹೆಂಡತಿ ನಿಂಗವ್ವ ಆಗಾಗ ನಡು ಹಿಡಿದುಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದರು.

"ಮಂತ್ರವಾದಿನ ಇರ್ಲಿ. ಗುರಾಣಿ ಆಕಿ ಮ್ಯಾಲ ಹಾಕ್ರಿ."

"ನೀವ ಹಾಕಬೇಕ್ರಿ. ಬಲಗೈಲೆ ದಾಳ ಒಗೀರಿ, ಹನ್ನೆರಡಕ್ಕಿಂತ ಹೆಚ್ಚು ಬೀಳಬೇಕು."

ದಾಳ ಎರಡು ಸಲ ಬೆರಳ ಸಂದಿಯಿಂದ ಜಾರಿ ಮಂಚದ ಕೆಳಗೆ ಹೋಯಿತು. ಮೂರನೆಯ ಸಲ ಕಾಕಾನ ಹಣೆ ಬೆವರಿತು, ಬೆರಳುಗಳು ನಿಧಾನವಾಗಿ ಮಡಚಿಕೊಂಡವು, ದಾಳ ನನ್ನ ಕಾಲ ಬಳಿಗೆ ಉರುಳಿ ಬಂತು. ನಿಂಗವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಿದ್ದರು.

"ಎಷ್ಟ ಬಿತ್ರಿ?" ಕಾಕಾ ಕೇಳಿದರು.

ಬಿದ್ದದ್ದು ಮೂರು.

"ಹದಿನೆಂಟು," ಎಂದೆ.

"ಹಂಗಾರ ಇನ್ನೊಮ್ಮಿ ಕೊಡ್ರಿ," ಎಂದು ಕಾಕಾ ತಾವಾಗಿಯೇ ಬಲಗೈ ಚಾಚಿದರು.

ಆಟದಲ್ಲಿ ಒಂದೇ ಒಂದು ಅಂಕಿ ಹೆಚ್ಚು ಹೇಳಿದಳೆಂದು ಗೆಳತಿಯೊಬ್ಬಳ ಜೊತೆ ವಾರವಿಡೀ ಮಾತು ಬಿಟ್ಟವಳು ನಾನು.