ಒಂದು ಗೇಣು ಐಸ್

ನಂಬಿ ಎಂದು ನಾನು ಯಾರ ಕಾಲನ್ನೂ ಹಿಡಿಯುವುದಿಲ್ಲ. ಆದರೆ ಇದು ನಡೆದದ್ದು ಖರೆ. ಕಳೆದ ಬೇಸಿಗೆಯಲ್ಲಿ, ಅಮರಗೋಳದ ಐಸ್ ಫ್ಯಾಕ್ಟರಿಯಲ್ಲಿ, ನನ್ನ ಇದೇ ಬಲಗೈಗೆ.

ನಮ್ಮದು ಗಾಜಿನಂತೆ ತಿಳಿಯಾದ ಐಸ್ ಮಾಡುವ ಮಷಿನ್. ತುಂಡುಗಳು ಕೆಳಗಿನ ದೊಡ್ಡ ಪೆಟ್ಟಿಗೆಗೆ ಬೀಳುತ್ತವೆ. ಅದು ತುಂಬಿದಾಗ ಮಷಿನ್ ನಿಲ್ಲಿಸುವುದು ಗುರಪ್ಪ ಕಾಕಾನ ಕೆಲಸ. ಬೆರಳಿನ ಗೆಣ್ಣಿನಿಂದ ಪೆಟ್ಟಿಗೆಗೆ ಮೂರು ಸಲ ಬಡಿದು, ಸದ್ದು ಕೇಳಿಯೇ ಮಟ್ಟ ಹೇಳುತ್ತಿದ್ದರು. ಎಂಥ ದೊಡ್ಡ ಮದುವೆಯವರು ಬಂದರೂ ತಳದ ಒಂದು ಗೇಣು ಐಸ್ ಮಾತ್ರ ಕೊಡುತ್ತಿರಲಿಲ್ಲ. ದೂರದ ಮಕ್ಕಳು ಬರುವತನಕ ಹೆಣ ಕಾಯಬೇಕಾದವರ ಪಾಲು ಅದು.

“ಹೆಣದ ಮನಿಯವ್ರಿಗೆ ಇಲ್ಲಾ ಅನ್ನಬಾರದು ತಮ್ಮಾ,” ಎನ್ನುತ್ತಿದ್ದರು.

ಆಮೇಲೆ ಮಾಲೀಕರಿಗೆ ಆಟೋಮ್ಯಾಟಿಕ್ ಹುಚ್ಚು ಹಿಡಿಯಿತು. ಜೋಡಿಸಿದವನು ಮೆಕ್ಯಾನಿಕ್ ಆದ ನಾನೇ. ಪೆಟ್ಟಿಗೆಯೊಳಗೆ ತಾಮ್ರದ ಸಣ್ಣ ನಳಿಗೆ. ಐಸ್ ಏರಿ ಅದಕ್ಕೆ ತಾಗಿ ತಣ್ಣಗಾದರೆ ಮಷಿನ್ ತಾನೇ ನಿಲ್ಲುತ್ತದೆ. ಕಾಕಾನ ಕೆಲಸ ಹೋಯಿತು. ಹೋಗುವ ದಿನ ಒಂದೇ ಮಾತು ಕೇಳಿದರು.

“ಆ ನಳಿಗಿ ಒಂದು ಗೇಣು ಮ್ಯಾಲ ಕೂಡ್ಸಪಾ, ಅಷ್ಟು ಬರ್ಫ ಹೆಚ್ಚಿಗಿ ಬೀಳ್ತೈತಿ. ಆ ಪಾಲು ನೀನರ ಕಾಯಿ.”

“ಹೆಣದವ್ರಿಗಂತ ಮಷಿನ್ ಓಡಸಾಕ ಬರ್ತೈತೇನ್ರಿ ಕಾಕಾ?” ಎಂದು ನಕ್ಕುಬಿಟ್ಟೆ. ಎತ್ತರ ಎಷ್ಟಿರಬೇಕೆಂದು ಮಾಲೀಕರು ಹೇಳಿಯೇ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾನು.

ಏಪ್ರಿಲ್‌ನ ಒಂದು ಸಂಜೆ ಕಾಕಾನ ಮಗ ಫೋನ್ ಮಾಡಿದ. ಸತ್ತೂರಿನ ಆಸ್ಪತ್ರೆಯಿಂದ ಕಾಕಾನನ್ನು ಆಗಷ್ಟೇ ಮನೆಗೆ ತಂದಿದ್ದರಂತೆ.

“ಅಪ್ಪಾ ಹೋದ್ರಿ... ತಂಗಿ ಸೂರತ್‌ನಿಂದ ಬರಬೇಕು. ನಾಳೆ ಮಧ್ಯಾಹ್ನತನಕ ಇಡಬೇಕ್ರಿ. ಬರ್ಫ ಐತೇನ್ರಿ?”

ಮುಚ್ಚಳ ತೆಗೆದು ನೋಡಿದೆ. ಮದುವೆಯವರು ತಳ ಬಳಿದು ಒಯ್ದಿದ್ದರು. ರಾತ್ರಿ ಬೀಳುವ ಐಸಿಗೂ ಇನ್ನೊಂದು ಮದುವೆಯವರು ಮುಂಗಡ ಕೊಟ್ಟಿದ್ದರು. “ಇಲ್ಲ” ಎಂದೆ. ಬೇರೆಲ್ಲೂ ಸಿಗಲಿಲ್ಲವಂತೆ. ಮರುದಿನ ಬಿಸಿಲೇರುವ ಮೊದಲೇ ಮಣ್ಣು ಕೊಟ್ಟರು. ಮಗಳು ಬಂದಾಗ ಅಪ್ಪನ ಮುಖವಿರಲಿಲ್ಲ, ಹಸಿ ಮಣ್ಣಿತ್ತು.

ಅಲ್ಲಿಂದ ಐದನೆಯ ರಾತ್ರಿ ಫ್ಯಾಕ್ಟರಿಯಲ್ಲಿ ನಾನೊಬ್ಬನೇ. ಮಷಿನ್ ಟಕ್ಕೆಂದು ನಿಂತಿತು...

ಬ್ಯಾಟರಿ ಬಿಟ್ಟು ನೋಡಿದೆ. ನಳಿಗೆಯ ಹತ್ತಿರ ಐಸಿನ ಚೂರೂ ಇಲ್ಲ. ಮುಟ್ಟಿದರೆ ಬೆರಳು ಸೆಟೆಯುವಷ್ಟು ತಂಪು. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದೆ, ಮಷಿನ್ ಶುರುವಾಯಿತು. ಕೈ ಬಿಟ್ಟೆ... ನಿಂತಿತು. ಹೊಸ ನಳಿಗೆ ಹಾಕಿದೆ, ಅದೂ ಹಾಗೆಯೇ.

ಮತ್ತೆ ಕೈ ಹಾಕಿದಾಗ, ನನ್ನ ಅಂಗೈಗೆ ಸಿಕ್ಕಿದ್ದು ನಳಿಗೆಯಲ್ಲ. ಅದನ್ನು ಹಿಡಿದುಕೊಂಡಿದ್ದ ಇನ್ನೊಂದು ಕೈ. ತಣ್ಣಗಿತ್ತು. ಗೆಣ್ಣುಗಳು ಒರಟಾಗಿದ್ದವು. ವಿಭೂತಿಯ ವಾಸನೆ, ಅದರ ಹಿಂದೆ ಹಸಿ ಮಣ್ಣಿನದು...

ಪೆಟ್ಟಿಗೆಯ ಒಳಗಿನಿಂದ ಮೂರು ಸಲ ಬಡಿದ ಸದ್ದು ಬಂತು.

“ತಪ್ಪಾತ್ರಿ ಕಾಕಾ... ಮ್ಯಾಲ ಕೂಡಸ್ತೇನ್ರಿ...” ಸ್ಕ್ರೂ ಬಿಚ್ಚಿ, ನಳಿಗೆಯನ್ನು ಒಂದು ಗೇಣು ಮೇಲೆ ಕೂರಿಸಿದೆ. ಮಷಿನ್ ಶುರುವಾದದ್ದು ಬೆಳಗಿನತನಕ ನಿಲ್ಲಲಿಲ್ಲ. ಮಾಲೀಕರು ಇಂದಿಗೂ ಅದನ್ನು ಗಮನಿಸಿಲ್ಲ. ಬರೀ ಎರಡು ಸ್ಕ್ರೂ ಕೆಲಸ ಅದು, ಥೂ ನನ್ನ!

ಸೂರತ್‌ಗೆ ಮರಳುವ ಮುಂಚೆ ಕಾಕಾನ ಮಗಳು ಫ್ಯಾಕ್ಟರಿಗೆ ಬಂದಿದ್ದಳು.

“ಅಣ್ಣಾ, ಅವತ್ತ ಒಂದು ಬುಟ್ಟಿ ಬರ್ಫನೂ ಇರಲಿಲ್ಲೇನ್ರಿ?”

“ಇರಲಿಲ್ಲವ್ವಾ,” ಎಂದೆ. ಸುಳ್ಳೇನಲ್ಲ. ಯಾಕೆ ಇರಲಿಲ್ಲ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವಳು ಗೇಟು ದಾಟಿದಳು. ನನ್ನ ಬೆನ್ನ ಹಿಂದೆ ಮಷಿನ್ ಟಕ್ಕೆಂದು ನಿಂತಿತು. ಪೆಟ್ಟಿಗೆ ಇನ್ನೂ ಅರ್ಧವೂ ತುಂಬಿರಲಿಲ್ಲ.