ಹಸಿದ ಹುಂಜ

ಎಂಟು ಹೇಟೆಗೆ ಎರಡು ಹುಂಜ ಹೆಚ್ಚಾಯಿತು, ಒಂದನ್ನು ಭಾನುವಾರ ಸಾರಿಗೆ ಹಾಕೋಣ ಎಂದರು ನಮ್ಮತ್ತೆ. ಮೊಟ್ಟೆಗೂ ಮಾಂಸಕ್ಕೂ ಆಗುವ ಗಿರಿರಾಜ ಕೋಳಿಗಳು ಅವು. ಯಾವ ಹುಂಜವನ್ನು ಉಳಿಸಬೇಕು ಎನ್ನುವುದಕ್ಕೆ ಅತ್ತೆಯದೇ ಒಂದು ಪರೀಕ್ಷೆ ಇತ್ತು. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯಿಂದ ತಂದ ಹುಳುವನ್ನು ಒಂದು ಹಿಡಿ ಎರಚುವುದು. ಹೇಟೆಗಳನ್ನು ಕರೆದು ತಿನ್ನಿಸುವ ಹುಂಜ ಉಳಿಯುತ್ತದೆ. ತಾನೇ ಮುಕ್ಕುವುದು ಸಾರಿಗೆ.

ನನಗೆ ಕೆಂಪು ಹುಂಜದ ಮೇಲೆ ಪ್ರೀತಿ. ಹಾಳಾದ್ದು ಎರಡು ಸಲ ನನ್ನ ಕಾಲನ್ನೇ ಕುಕ್ಕಿದ್ದರೂ ಪ್ರೀತಿ. ಹಾಗಾಗಿ ಪರೀಕ್ಷೆಗೆ ಮೊದಲೇ ಅದಕ್ಕೆ ಕದ್ದುಮುಚ್ಚಿ ಹೊಟ್ಟೆ ತುಂಬ ರಾಗಿ ತಿನ್ನಿಸಿದೆ. ಹುಳು ಬಿದ್ದಾಗ ಅದು ಮುಟ್ಟಲಿಲ್ಲ, ಕೊಕ್ಕೊಕ್ ಎಂದು ಹೇಟೆಗಳನ್ನು ಕರೆಯಿತು. ನಾನು ಗೆದ್ದೆ ಎಂದುಕೊಂಡೆ.

ಅತ್ತೆ ಅದನ್ನು ಎತ್ತಿಕೊಂಡು, ಕಾಳು ತುಂಬಿ ಉಬ್ಬಿದ್ದ ಎದೆಯನ್ನು ಸವರಿ ನೋಡಿದರು. "ಹೊಟ್ಟೆ ತುಂಬಿದ್ಮೇಲೆ ಯಾರ್ ಬೇಕಾದ್ರೂ ಕರೀತಾರೆ ಕಣವ್ವ. ನಾಳೆ ಎರಡೂ ಹಸ್ಕೊಂಡಿರ್ಲಿ, ನೋಡಾನ."

ಮಾರನೆಯ ದಿನ ಕೆಂಪು ಹುಂಜ ತಲೆಯನ್ನೇ ಎತ್ತದೆ ಮುಕ್ಕಿತು. ಕರಿಯದು ಒಂದು ಹುಳುವನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗಿಟ್ಟು, ಹೇಟೆಗಳನ್ನು ಕೂಗಿತು.

ಭಾನುವಾರ ಮಧ್ಯಾಹ್ನ ಸಾರಿನ ಮುಂದೆ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ತಮ್ಮ ಮುದ್ದೆ ಮುರಿಯುವ ಮೊದಲೇ, ಇದ್ದ ಒಂದೇ ಈಲಿಯನ್ನು, ಕೋಳಿಯ ಆ ಮೆತ್ತನೆಯ ಲಿವರನ್ನು, ನನ್ನ ತಟ್ಟೆಗೆ ಹಾಕಿ, "ತಿನ್ನವ್ವ" ಎಂದರು. ಕೋಳಿ ಕೊಯ್ದು, ಖಾರ ಅರೆದು, ಒಲೆ ಮುಂದೆಯೇ ಇದ್ದ ಅವರು ಬೆಳಿಗ್ಗೆಯಿಂದ ಕಾಫಿಯನ್ನೂ ಕುಡಿದಿರಲಿಲ್ಲ.