ವಿಭೂತಿ ಹಚ್ಚಿದ ರೆಕಾರ್ಡುಗಳು

ಹಳೆಯ ಗ್ರಾಮಫೋನ್ ರೆಕಾರ್ಡು ಕೂಡಿಸುವ ಹುಚ್ಚು ನನಗೆ. ಸಿರುಗುಪ್ಪದ ಅಜ್ಜಿಯೊಬ್ಬಳು ತನ್ನವನ್ನು ಮಾರುತ್ತಾಳೆಂದು ಕೇಳಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಕುರುಗೋಡಿನಿಂದ ಬಸ್ಸು ಹತ್ತಿದೆ. ಹೋಗಿ ನೋಡಿದರೆ, ಪ್ರತಿ ರೆಕಾರ್ಡಿನ ಮೇಲೂ ಮೂರು ಬೆರಳಿನ ವಿಭೂತಿ.

“ವರ್ಷಾ ವರ್ಷಾ ಆಯುಧ ಪೂಜಿಗೆ ಹಚ್ತೀನಿ,” ಎಂದಳು ಅಜ್ಜಿ.

“ರೆಕಾರ್ಡಿನ ಗೆರ್ಯಾಗೆಲ್ಲಾ ಬೂದಿ ತುಂಬೇತಿ. ಇವಕ್ಕಿನ್ನ ಬೆಲಿ ಎಲ್ಲಿಂದ ಬರ್ತೈತವ್ವಾ?”

“ಹಾಡಂಗಿಲ್ಲ ಅಂತನ ಮಾರಾಕತ್ತೀನಿ.”

ಕೊಳ್ಳುವ ಮುಂಚೆ ಪರೀಕ್ಷಿಸೋಣವೆಂದು, ನಡುವಿನ ಚೀಟಿ ನೆನೆಯದಂತೆ ಒಂದನ್ನು ಸೋಪಿನ ನೀರಿನಲ್ಲಿ ಮೆತ್ತಗೆ ತೊಳೆದೆ. ಒರೆಸಿ ಒಣಗಿಸಿ ಅವಳ ಗ್ರಾಮಫೋನಿಗೇ ಹಾಕಿದೆ. ಹಾಡು ಸ್ವಚ್ಛವಾಗಿ ಬಂತು. ಅಜ್ಜಿ ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

“ಹಾಡ್ತಾವಂದ್ರ ಯಾಕ ಮಾರ್ಲಿ? ಉಳಿದವನ್ನೂ ತೊಳದು ಹೋಗವ್ವಾ.”

ತೊಳೆದೆ. ಹೊರಡುವಾಗ ನನ್ನ ಹಣೆಗೂ ವಿಭೂತಿ ಬಳಿದಳು. ಕೆಲಸಕ್ಕೆ ಬರುವ ವಸ್ತುಗಳಿಗೆಲ್ಲ ಹಚ್ಚುವುದು ಅವಳ ಪದ್ಧತಿ.